ಕೇಬಲ್ಲಿನ ಇನ್ನೊಂದು ತುದಿ

ಮಚ್ಚು ನನ್ನ ಕುತ್ತಿಗೆಯ ಮೇಲಿತ್ತು!

ಅದರ ಮೇಲೆ ಕುಂಕುಮ. ನಿನ್ನೆ ಆಯುಧಪೂಜೆಯಲ್ಲಿ ಹಚ್ಚಿದ್ದು. ಇವತ್ತಿನ ಕೆಂಪು ನನ್ನದಾಗುವ ಹಾಗಿತ್ತು.

"ವೀರೇಂದ್ರ, ಇದು ಸರಿಯಾಗುತ್ತಾ ಇಲ್ವಾ?"

"ಮಚ್ಚು ತೆಗೀರಿ. ಕೈ ನಡುಗಿದ್ರೆ ಕೇಬಲ್ ಹಿಡಿಯೋಕಾಗಲ್ಲ."

"ನಂಗೂ ನಡುಗ್ತಿದೆ ಮಾರಾಯ... ಬೇಗ!"

ಮಚ್ಚು ಹಿಡಿದಿದ್ದ ಮುರುಗೇಶಪ್ಪ ಭದ್ರಾವತಿಯ ಲಾರಿ ಮಾಲೀಕ. ಶಿವಮೊಗ್ಗದಲ್ಲಿ ಹಬ್ಬದ ಊಟಕ್ಕೆ ಕೂತಿದ್ದ ನನ್ನನ್ನು ಎಲೆ ಮುಂದಿನಿಂದ ಎಬ್ಬಿಸಿ ಜೀಪಿಗೆ ತುಂಬಿದ್ದ. ಸಾಮಾನಿನ ಚೀಲ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೇ ಉಳಿಯಿತು. ಜೇಬಿನಲ್ಲಿದ್ದದ್ದು ಮೀಟರ್ ಒಂದೇ.

ಅವನ ಹೆಂಡತಿ ಜಯಶೀಲಾ ಭದ್ರಾವತಿಯ ನರ್ಸಿಂಗ್ ಹೋಮಿನಲ್ಲಿ ಆಗಷ್ಟೇ ಹೆತ್ತಿದ್ದಳು. ಮಗು ಅಳುತ್ತಿತ್ತು. ತಾಯಿಯ ರಕ್ತ ನಿಲ್ಲುತ್ತಿರಲಿಲ್ಲ.

ಅವಳದು ಬಾಂಬೆ ಗ್ರೂಪ್. ಹತ್ತು ಸಾವಿರಕ್ಕೊಬ್ಬರಿಗೆ ಇರುವ ರಕ್ತ; ಬೇರೆ ಯಾವ ಗ್ರೂಪಿನದೂ ಅವಳಿಗೆ ಆಗದು. ಬೆಂಗಳೂರಿನಿಂದ ಬರುವ ತನಕ ಅವಳು ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿಯಾಗಿತ್ತು.

ನಾವಿದ್ದದ್ದು ನರ್ಸಿಂಗ್ ಹೋಮಿನ ಎದುರಿನ ರಕ್ತದಾನಿಗಳ ಸಂಘದ ಆಫೀಸಿನಲ್ಲಿ. ಗುಮಾಸ್ತೆ ಜಗದಾಂಬಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

"ಆ ಗ್ರೂಪಿನವರು ಒಬ್ಬರಿದ್ದಾರೆ ಸಾರ್... ಹೆಸರು, ಫೋನು ಎಲ್ಲಾ ಸರ್ವರ್ ಒಳಗಿದೆ!"

ಒಳಗಿದೆ. ಆದರೆ ಆ ಕಾಲದ ಸರ್ವರ್ ತನ್ನ ಪರದೆಯಲ್ಲಿ ಏನನ್ನೂ ತೋರಿಸುತ್ತಿರಲಿಲ್ಲ. ಬೇರೆ ಕಂಪ್ಯೂಟರಿನಿಂದ ಕೇಳಬೇಕು. ಎಲ್ಲ ಕಂಪ್ಯೂಟರುಗಳೂ ಒಂದೇ ಕೇಬಲ್ಲಿಗೆ ಸಾಲಾಗಿ ಪೋಣಿಸಿದಂತೆ. ಒಂದು ಕಡೆ ಕೆಟ್ಟರೆ ಎಲ್ಲವೂ ಮೂಕ.

ನೆಟ್‌ವರ್ಕ್ ಸತ್ತಿತ್ತು!

ಮೊದಲ ಜಾಯಿಂಟ್ ಬಿಚ್ಚಿದೆ. ಬೆರಳು ಜಾರಿತು.

ಗ್ರೀಸ್!

"ಯಾರು ಹಚ್ಚಿದ್ದು ಇದನ್ನ?"

ಬಾಗಿಲಲ್ಲಿದ್ದ ವಾಚ್‌ಮನ್ ಪುಟ್ಟಪ್ಪ ಮುಂದೆ ಬಂದ. ಕಾರ್ಖಾನೆಯಿಂದ ನಿವೃತ್ತನಾದ ಫಿಟರ್. ಮುಖದಲ್ಲಿ ಹೆಮ್ಮೆಯಿತ್ತು.

"ನಾನೇ ಸಾರ್. ಪೂಜೆ ಅಂದ್ಮೇಲೆ ಬಿಚ್ಚಿ, ಸೀಮೆಎಣ್ಣೇಲಿ ತೊಳೆದು, ಗ್ರೀಸ್ ಕೊಡ್ಬೇಕಲ್ವಾ? ಫ್ಯಾಕ್ಟ್ರಿನಾಗೆ ಜನ್ಮಪೂರ್ತಿ ಹಂಗೇ ಮಾಡಿದ್ದು."

"ಇದೇನು ಲೇತ್ ಮಿಷನ್ನಾ, ಮಾರಾಯ!"

ನರ್ಸಿಂಗ್ ಹೋಮಿನಿಂದ ಸ್ಪಿರಿಟ್ ತರಿಸಿದೆ. ಒಂದೊಂದೇ ಜಾಯಿಂಟ್ ಒರೆಸಿದೆ. ಮೀಟರ್ ಇಟ್ಟೆ.

ಮುಳ್ಳು ಇಪ್ಪತ್ತೈದು ಓಮ್‌ಗೆ ನಿಲ್ಲಬೇಕಿತ್ತು. ಐವತ್ತಕ್ಕೆ ನಿಂತಿತು.

ಕೇಬಲ್ಲಿನ ಎರಡೂ ತುದಿಗೆ ಒಂದೊಂದು ಮುಚ್ಚಳ ಇರಬೇಕು. ಇಲ್ಲದಿದ್ದರೆ ಸಿಗ್ನಲ್ಲು ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬಂದು ಎಲ್ಲವನ್ನೂ ಕೆಡಿಸುತ್ತದೆ. ಒಂದು ಮುಚ್ಚಳ ಇರಲಿಲ್ಲ.

"ಪುಟ್ಟಪ್ಪ... ಬೆಳ್ಳಗೆ ಹೊಳೆಯೋದು, ಹೆಬ್ಬೆರಳಿನಷ್ಟು. ಎಲ್ಲಿ?"

"ಅದಾ? ಪೂಜೆ ತಟ್ಟೇಲಿಟ್ಟಿದ್ದೆ..." ಅವನ ಹೆಮ್ಮೆ ಇಳಿಯಿತು. "ಹೂವಿನ ಜೊತೆ ಬುಟ್ಟಿಗೆ ಹೋಯ್ತೇನೋ. ಕಸ ಗುಡಿಸೋ ಕಲ್ಲಮ್ಮ ಹೊಳೆಗೆ ಬಿಡೋಕೆ ತಗೊಂಡೋದ್ಲು..."

ಜೀಪು ಹಾರಿತು!

ಎತ್ತಿನಗಾಡಿ, ಬಾಳೆಕಂದು ಕಟ್ಟಿದ ಬಸ್ಸು, ಸೈಕಲ್ಲು... ಎಲ್ಲವೂ ಪಕ್ಕಕ್ಕೆ ಸರಿದವು. ಸರಿಯದ ಕುಂಬಳಕಾಯಿ ಚಕ್ರದಡಿ ಸಿಡಿಯಿತು. ಸೇತುವೆಯ ಪಕ್ಕದ ಮೆಟ್ಟಿಲ ಮೇಲೆ ಕಲ್ಲಮ್ಮ ಬುಟ್ಟಿ ಹೊತ್ತು ಇಳಿಯುತ್ತಿದ್ದಳು.

"ಏಯ್! ನಿಲ್ಲೇ!" ಮುರುಗೇಶಪ್ಪ ಮಚ್ಚು ಹಿಡಿದೇ ಓಡಿದ.

ಮಚ್ಚು ಹಿಡಿದು ಓಡಿ ಬರುವವನನ್ನು ಕಂಡರೆ ಯಾರು ನಿಲ್ಲುತ್ತಾರೆ? ಅವಳೂ ಓಡಿದಳು. ಕಾಲು ಜಾರಿತು. ಬುಟ್ಟಿ ನೀರಿಗೆ ಬಿತ್ತು.

"ತಗೊಳ್ರಪ್ಪಾ, ಬುಟ್ಟಿಗೂ ಕಳ್ರಾ!" ಎಂದು ಅವಳು ಬಾಯಿಬಡಿದುಕೊಂಡಳು.

ಚೆಂಡುಹೂವು ತೇಲಿತು. ಲೋಹ ತೇಲಲಿಲ್ಲ.

ಮುರುಗೇಶಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಸರು ಬಾಚಿದ. ಬಾಚಿದ. ಬರಿಗೈಯಲ್ಲಿ ಎದ್ದು ನನ್ನ ಕಡೆ ನೋಡಿದ. ಆ ಕಣ್ಣಿನಲ್ಲಿ ಬೆದರಿಕೆ ಇರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಅಂಗಡೀಲಿ ಇದೆಯಾ?"

"ಇದೆ. ಆದ್ರೆ ಇಷ್ಟೊತ್ತಿಗೆ ಶಿವಮೊಗ್ಗ ತುಂಬಾ ಮೆರವಣಿಗೆ. ಹೋಗಿ ಬರೋಷ್ಟರಲ್ಲಿ..."

ಜೀಪಿನೊಳಗೆ ಟೇಪ್‌ರೆಕಾರ್ಡರ್ ಭಜನೆ ಹಾಡುತ್ತಿತ್ತು...

ಟೇಪ್‌ರೆಕಾರ್ಡರ್!

"ಮಚ್ಚು ಕೊಡಿ ಇಲ್ಲಿ!"

ತುದಿ ತೂರಿಸಿ ಟೇಪ್‌ರೆಕಾರ್ಡರಿನ ಕವಚ ಸೀಳಿದೆ. ಭಜನೆ ಗಕ್ಕನೆ ನಿಂತಿತು. ಹೊಳೆಗೆ ಬಿದ್ದ ಆ ಮುಚ್ಚಳದ ಹೊಟ್ಟೆಯಲ್ಲಿರುವುದು ಕರೆಂಟು ತಡೆಯುವ, ಐವತ್ತು ಓಮ್‌ನ ಒಂದು ರೆಸಿಸ್ಟರ್, ಅಷ್ಟೇ. ನಾನು ಹುಡುಕುತ್ತಿದ್ದದ್ದು ಅದರ ಹತ್ತಿರದ್ದು, ನಲವತ್ತೇಳು. ಹಳದಿ, ನೇರಳೆ, ಕಪ್ಪು ಗೆರೆ.

ಜೋಳದ ಕಾಳಿನಷ್ಟು ಒಂದು ಸಿಕ್ಕಿತು!

ಆಫೀಸು. ಕೇಬಲ್ಲಿನ ತುದಿ. ರೆಸಿಸ್ಟರಿನ ಒಂದು ಕಾಲು ನಡುವಿನ ತೂತಿಗೆ, ಇನ್ನೊಂದು ಹೊರಗಿನ ಲೋಹಕ್ಕೆ. ಬೆರಳಲ್ಲಿ ಒತ್ತಿ ಹಿಡಿದೆ.

"ಹೊಡೀರಿ ಮೇಡಂ!"

ಜಗದಾಂಬಾ ಕೀಲಿ ಒತ್ತಿದಳು. ಪರದೆ ಕಪ್ಪು... ಕಪ್ಪು...

ಬೆವರು ಬೆರಳಿಗಿಳಿಯಿತು. ಒತ್ತಿದೆ.

ಅಕ್ಷರ ಮೂಡಿತು!

"ಸಿಕ್ತು! ದುಶ್ಯಂತ್... ಹೊಳೆಹೊನ್ನೂರು..."

ಮುರುಗೇಶಪ್ಪ ಗೋಡೆಗೆ ಒರಗಿದ.

ಹೋದ ವರ್ಷ ಲಾರಿ ಸ್ಟ್ಯಾಂಡಿನಲ್ಲಿ ದುಶ್ಯಂತನ ಎರಡೂ ಕಾಲು ಮುರಿದವರು ಯಾರ ಆಳುಗಳೆಂದು ಊರಿಗೆಲ್ಲ ಗೊತ್ತಿತ್ತು. ಪೊಲೀಸರನ್ನು ಬಿಟ್ಟು.

ಜಗದಾಂಬಾ ನಂಬರ್ ತಿರುಗಿಸಿ ರಿಸೀವರ್ ಚಾಚಿದಳು. ಮುರುಗೇಶಪ್ಪ ತೆಗೆದುಕೊಳ್ಳಲಿಲ್ಲ.

"ಜಯಶೀಲಾ ಕಾಯ್ತಿದ್ದಾಳೆ," ಎಂದೆ.

ತೆಗೆದುಕೊಂಡ.

"ದುಶ್ಯಂತಣ್ಣಾ... ನಾನು ಮುರುಗೇಶಿ..." ಹೇಗೋ ಎಲ್ಲ ಹೇಳಿದ.

ಆ ಕಡೆಯಿಂದ ಬಂದ ದನಿ ನನಗೂ ಕೇಳಿಸಿತು.

"ರಕ್ತ ಕೊಡ್ತೀನಿ ಮಾರಾಯ. ನಡೆಯೋಕಾಗಲ್ಲ. ಆಳುಗಳನ್ನ ಕಳಿಸ್ಬೇಡ... ನೀನೇ ಬಂದು ಹೊತ್ಕೊಂಡು ಹೋಗು."