ಶಾಸಕನ ಬೆನ್ನಿನ ಮೇಲೆ ಮರೆಪ್ಪನ ಗುರುತು

ಸಿನಿಮಾದ ಶಾಸಕನ ಬೆನ್ನಿನ ಮೇಲೆ ಉಣ್ಣೆ ಬೆಳೆದದ್ದಕ್ಕೆ ಕಂಗ್ಟಿ ಊರಿನಲ್ಲಿ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಆ ಉಣ್ಣೆಯ ಮೇಲೆ ಅದೇ ಊರಿನ ಕುರಿಗಾಹಿ ಮರೆಪ್ಪನ ಕುರಿಗಳ ಗುರುತಿತ್ತು: ಸೊಂಟದ ಹತ್ತಿರ ಎರಡು ಕೆಂಪು ಪಟ್ಟೆ. ಕುರಿ ಸಾಕುವವರಲ್ಲಿ ಒಂದು ಮನೆಯ ಗುರುತನ್ನು ಇನ್ನೊಬ್ಬರು ಹಚ್ಚುವುದಿಲ್ಲ.

ಸಿನಿಮಾದ ಪೋಸ್ಟರ್ ಮೊಬೈಲಿನಿಂದ ಮೊಬೈಲಿಗೆ ದಾಟಿ ಸಂತೆ ಮುಟ್ಟಿತು.

"ಮರೆಪ್ಪಾ, ನಿನ್ನ ಟಗರು ಎಲೆಕ್ಷನ್ ಗೆದ್ದದಲ್ಲೋ!"

ಜನ ನಕ್ಕರು. ಮರೆಪ್ಪ ನಗಲಿಲ್ಲ. ಸಿನಿಮಾದ ಕೊನೆಯ ದೃಶ್ಯಕ್ಕೆ ಕೊಡಲು ಒಪ್ಪಿದ್ದ ಕುರಿಗಳನ್ನು ಇನ್ನು ಕಳಿಸುವುದಿಲ್ಲ ಎಂದುಬಿಟ್ಟ.

ಸಿನಿಮಾ ಪಕ್ಕದ ಮನೂರಿನ ಶಿವರಾಜನದು, ಅವನ ಮೊದಲನೆಯದು. ಅದರಲ್ಲಿ ಸುಳ್ಳು ಹೇಳಿದಾಗಲೆಲ್ಲ ಶಾಸಕನ ಮೈಮೇಲೆ ಉಣ್ಣೆ ಬೆಳೆಯುತ್ತದೆ. ಜನ ಅದನ್ನು ಕತ್ತರಿಸಿ, ಕಂಬಳಿ ನೇಯ್ದು, ಹೆಮ್ಮೆಯಿಂದ ಹೊದೆಯುತ್ತಾರೆ. ಕಂಬಳಿ ಅವರ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಎಳೆದರೆ ಚರ್ಮವೇ ಬರುತ್ತದೆ.

ಮರೆಪ್ಪನ ಮಗಳು ಭಾಗ್ಯ ಜಹೀರಾಬಾದಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು. ನಟನ ಮೈಗೆ ಎಳೆ ಎಳೆಯಾಗಿ ಉಣ್ಣೆ ಅಂಟಿಸಿದವಳು ಅವಳೇ. ಗುರುತು ಮಾತ್ರ ಅವಳು ರಜೆ ಹಾಕಿದ ದಿನ ಬಿದ್ದದ್ದು.

ಶೂಟಿಂಗ್ ನಡೆಯುತ್ತಿದ್ದ ಗೋದಾಮಿಗೆ ಅವಳು ನೆಟ್ಟಗೆ ನುಗ್ಗಿದಳು. ಅವಳನ್ನು ಕಂಡ ಶಿವರಾಜ ಕಟ್ ಹೇಳುವುದನ್ನೇ ಮರೆತ. ಕ್ಯಾಮೆರಾ ಮುಂದೆ ಶಾಸಕ ಪಾಪ ಮೈ ಕೆರೆಯುತ್ತಲೇ ಇದ್ದ.

"ಗುರುತು ಯಾರು ಹಚ್ಚಿದ್ರು?"

"ನಾನ ಹಚ್ಚೀನಿ."

"ನಿಮ್ಮ ಮನಿ ಗುರುತು ಇದ್ದಿಲ್ಲೇನ್ರಿ?"

"ನಮ್ಮಜ್ಜ ಕುರಿ ಮಾರಿ ಎತ್ತು ಕಟ್ಟಿದ. ನಮ್ಮ ಗುರುತು ಯಾವ್ದಂತ ಮನ್ಯಾಗ ಯಾರಿಗೂ ನೆನಪಿಲ್ಲ. ಬ್ರಷ್ ಹಿಡದೆ, ಕೈ ತಾನ ನಿಮ್ದು ಬರೀತು."

"ತಾನ ಬರ್ಯಾಕ ಕೈಗೇನು ದೆವ್ವ ಬಡದಿತ್ತಾ?"

"ಪ್ರತಿ ವರ್ಷಾ ನಿಮ್ಮ ಕುರಿ ಗೊಬ್ಬರಕ್ಕಂತ ನಮ್ಮ ಹೊಲ್ದಾಗ ತರುಬಿ ನಿಲ್ಲಸ್ತಿದ್ರಲ್ಲ. ದಿನಾ ನೋಡಾಕ ಬರ್ತಿದ್ದೆ."

"ಕುರಿ ನೋಡಾಕ?"

"ಕುರಿ ಯಾರು ನೋಡ್ತಿದ್ರು?"

ಭಾಗ್ಯಳಿಗೆ ಇದು ಹೊಸ ಸುದ್ದಿಯಲ್ಲ. ಹೊಲದ ಬದುವಿನ ಮೇಲೆ ಸುಮ್ಮನೆ ನಿಲ್ಲುತ್ತಿದ್ದ ಆ ಹುಡುಗನನ್ನು ಅವಳೂ ಓರೆಗಣ್ಣಿನಲ್ಲಿ ಕಂಡವಳೇ. ಅವನ ಬಾಯಲ್ಲಿ ಕೇಳಿದ್ದು ಮಾತ್ರ ಇದೇ ಮೊದಲು. ಬಂದ ನಗೆಯನ್ನು ಅವಳು ತುಟಿಯಲ್ಲೇ ಹಿಡಿದಳು.

"ನಮ್ಮಪ್ಪನ ಮುಂದ ಹೇಳ್ತೀರೇನು?"

"ಆ ಶಾಟ್ ಎಲ್ಲಾ ತೆಗದು ಮತ್ತ ಮಾಡ್ತೀನಂತ ಹೇಳ್ತೀನಿ."

"ನಾ ಕೇಳಿದ್ದು ಅದಲ್ಲರಿ."

ಅವನು ಅವಳನ್ನೇ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಗಾಡಿ ಹತ್ತು," ಎಂದ.

ಕಂಗ್ಟಿಯ ಅಂಗಳದಲ್ಲಿ ಮರೆಪ್ಪ ಮರಿಗೆ ಹಾಲು ಕುಡಿಸುತ್ತಿದ್ದ. ಮಗಳ ಹಿಂದೆ ಬಂದವನನ್ನು ಕಂಡು ಮುಖ ತಿರುಗಿಸಿದ.

"ತಪ್ಪಾಗ್ಯಾದ, ಮಾವಾ," ಎಂದ ಶಿವರಾಜ. "ನಿಮ್ಮ ಗುರುತಿರೋ ಶಾಟ್ ಒಂದೂ ಇಟ್ಕೊಳ್ಳಲ್ಲ. ಎಲ್ಲಾ ಹೊಸಾದಾಗಿ ತೆಗೀತೀನಿ."

ಮರೆಪ್ಪನ ಕೈ ನಿಂತಿತು. "ಹೋದ ವಾರತನ ಕಾಕಾ ಅಂತಿದ್ದಿ."

"ಕಾಕಾ ಅಂದ್ರ ಭಾಗ್ಯ ನನಗ ತಂಗಿ ಆಗ್ತಾಳರಿ. ನನಗ ಅದು ಬ್ಯಾಡ."

ಮರೆಪ್ಪ ಮಗಳ ಕಡೆ ನೋಡಿದ.

"ನನಗೂ ಬ್ಯಾಡಪ್ಪ," ಎಂದಳು ಭಾಗ್ಯ.

ಮರಿ ಹಾಲಿಗಾಗಿ ಅವನ ಮೊಣಕಾಲಿಗೆ ತಲೆ ತಿವಿಯಿತು. ಮರೆಪ್ಪ ಮತ್ತೆ ಬಾಟಲಿ ಹಿಡಿದು ಅದಕ್ಕೆ ಪೂರ್ತಿ ಕುಡಿಸಿದ. ಆಮೇಲೆ ಕೈ ಒರೆಸಿಕೊಂಡು ಎದ್ದ.

"ನಾಳಿಗಿ ಎಷ್ಟು ಕುರಿ ಬೇಕೋ, ಅಳಿಯಾ?"