ನಾಲ್ಕನೇ ಓಟ

"ಇಳೀರಿ ಕೆಳಗೆ!"

ಕಿಟಕಿಯೊಳಗೆ ನುಗ್ಗಿದ ಕೈಯೊಂದು ಕೀಲಿ ತಿರುಗಿಸಿ ಕಿತ್ತುಕೊಂಡಿತು. ಗುಡುಗುತ್ತಿದ್ದ ಟ್ರಕ್ಕು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಸ್ಟೇರಿಂಗ್ ಹಿಡಿದು ಕೂತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಯಾರ್ರೀ ನೀವು? ಕೊಡ್ರೀ ಕೀಲಿ!"

ಅವನು ಹೆಲ್ಮೆಟ್ಟಿನೊಳಗಿನ ಅವಳ ಕಣ್ಣುಗಳನ್ನೇ ನೋಡುತ್ತಾ ನಿಂತ.

ಈ ಮುಖ... ಎಲ್ಲೋ ನೋಡಿದ್ದೇನೆ... ಹೌದು, ಅಂಗಡಿಯಲ್ಲಿ!

ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ವರ್ಷಕ್ಕೂ ಹಿಂದೆ, ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಓದಿ, ಆದರೂ ಕನ್ನಡಕ ಬೇಕೇ ಬೇಕೆಂದು ಹಟ ಹಿಡಿದಿದ್ದ ಗಿರಾಕಿ ಇವನು. ತಿಂಗಳು ಕಳೆದು ಇನ್ನೊಂದು ಸಲ ಬಂದಿದ್ದ. ಆಗಲೂ ಅಷ್ಟೇ, ಅಕ್ಷರ ಓದಿದ್ದು ಬಿಟ್ಟರೆ ಒಂದು ಮಾತಿಲ್ಲ. ಅವನು ಹೋದ ಮೇಲೆ ಅವಳು ಒಬ್ಬಳೇ ನಕ್ಕಿದ್ದಳು. ಆಮೇಲೆ ಎಷ್ಟೋ ದಿನ ಬಾಗಿಲ ಕಡೆ ನೋಡುತ್ತಿದ್ದದ್ದೂ ಉಂಟು.

"ನಾನು ನಿಮ್ಮಣ್ಣನ ಟ್ರಕ್ಕಿನ ಮೇಸ್ತ್ರಿ," ಎಂದ ಅವನು.

ಅವಳು ಸ್ಟೇರಿಂಗ್ ಬಿಟ್ಟು ಪೂರ್ತಿ ಅವನತ್ತ ತಿರುಗಿದಳು.

ಮೇಸ್ತ್ರಿ! ಏಳು ವರ್ಷ ಅಣ್ಣನ ಬಾಯಲ್ಲಿ ಕೇಳಿದ್ದ ಮೇಸ್ತ್ರಿ ಇವನೇನಾ? "ಅವನೊಬ್ಬ ಗುಮ್ಮನಗುಸ್ಕ ಕಣೇ! ಎಂಜಿನ್ ಜೊತೆ ಹರಟೆ ಹೊಡೀತಾನೆ, ಮನುಷ್ಯರ ಹತ್ರ ಬಾಯಿ ಬಿಡಲ್ಲ" ಎಂದು ಅಣ್ಣ ನಗುತ್ತಿದ್ದ. ಹೋದ ವರ್ಷ ನೇರ ಓಟದ ಪಂದ್ಯ ನಡೆಯುವ ಇದೇ ಡ್ರ್ಯಾಗ್ ಟ್ರ್ಯಾಕಿನಲ್ಲಿ, ಇದೇ ಟ್ರಕ್ಕು ಗೋಡೆಗೆ ಬಡಿದು ಅಣ್ಣ ಹೋದಾಗ, ಮಣ್ಣಿಗೂ ಬಾರದ ಮನುಷ್ಯ!

"ಓಹೋ! ಒಂದು ವರ್ಷ ಆದ್ಮೇಲೆ ದಾರಿ ಸಿಕ್ಕಿತಾ?"

"ಬೆಳಗ್ಗೆಯಿಂದ ಮೂರು ಸಲ ಓಡಿಸಿದ್ರಿ. ಸಾಕು."

"ಸಾಕಾಗಿಲ್ಲ. ಆ ಲಿವರ್ ಜಾರೋವರೆಗೂ ಓಡಿಸ್ತೀನಿ. ಈ ಸಲ ಟರ್ಬೊ ಪೂರ್ತಿ ತುಂಬಿಸ್ತೀನಿ."

ಅವಳ ಹಟಕ್ಕೆ ಕಾರಣವಿತ್ತು. ಟಾರಿನ ಮೇಲೆ ಸುತ್ತಿ ಓಟದ ಗೆರೆಗೆ ಬರುವಾಗ ಟ್ರಕ್ಕಿನ ಹಿಂದಿನ ಎರಡು ಗಾಲಿಗಷ್ಟೇ ಶಕ್ತಿ. ಗೆರೆಯ ಮುಂದೆ ನಿಂತ ಮೇಲೆ ಲಿವರ್ ಎಳೆದು ನಾಲ್ಕಕ್ಕೂ ಕೊಡಬೇಕು. ಅಣ್ಣ ಎರಡರಲ್ಲೇ ಬಿಟ್ಟಿದ್ದ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ತುಂಬಿಕೊಟ್ಟ ಬಲವೆಲ್ಲ ಹಗುರಾದ ಹಿಂಭಾಗಕ್ಕೆ ಬಿದ್ದು ಟ್ರಕ್ಕು ಅಡ್ಡ ತಿರುಗಿತ್ತು. 'ಚಾಲಕನ ಮರೆವು' ಎಂದು ವರದಿ ಬರೆದವರು ಕೈ ತೊಳೆದುಕೊಂಡರು. ಮಗ ಮೈಮರೆತು ಸತ್ತ ಎಂಬ ಮಾತಿಗೆ ಅಪ್ಪ ಇವತ್ತಿಗೂ ತಲೆಯೆತ್ತಿ ನಡೆಯುವುದಿಲ್ಲ.

ನೂರಾರು ಸಲ ಎಳೆದ ಲಿವರನ್ನು ಅಣ್ಣ ಮರೆಯುತ್ತಾನಾ? ಅದು ತಾನಾಗಿ ಜಾರಿರಬೇಕು. ಇವನ ಕೆಲಸವೇ ಕೆಟ್ಟಿರಬೇಕು. ಅದಕ್ಕೇ ತಲೆಮರೆಸಿಕೊಂಡ!

ವರ್ಷವಿಡೀ ಟ್ರಕ್ಕು ರಿಪೇರಿ ಮಾಡಿಸಿ, ಆ ಹಳೆಯ ಲಿವರನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದಳು. ಮೂರು ಓಟಕ್ಕೂ ಅದು ಅಲುಗಿರಲಿಲ್ಲ. ಈಗ ನಾಲ್ಕನೆಯದು... ಟರ್ಬೊ ಪೂರ್ತಿ ತುಂಬಿಸಿ!

"ಅಷ್ಟು ಒತ್ತಡಕ್ಕೆ ಮುಂದಿನ ಆಕ್ಸಲ್ ಮುರಿಯುತ್ತೆ," ಎಂದ ಅವನು. "ಲಿವರ್ ಜಾರಲ್ಲ. ನೀವು ಸಾಯ್ತೀರಿ."

"ನಿಮಗೇನು?"

ಅವನು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

"ಲಿವರ್ ಅವತ್ತೂ ಜಾರಲಿಲ್ಲ. ಅವನು ಎಳೀಲೇ ಇಲ್ಲ... ನಾನು ನೋಡ್ತಾ ಇದ್ದೆ."

ಅವಳು ಹೆಲ್ಮೆಟ್ ತೆಗೆದಳು.

"ಪ್ರತಿ ಸಲ ನಾನು ಬಾನೆಟ್ ಮುಂದೆ ನಿಂತು 'ನಾಲ್ಕು' ಅಂತ ಕೂಗ್ತಿದ್ದೆ. ಅವನು ಎಳೀತಿದ್ದ. ಏಳು ವರ್ಷ ಹಾಗೇ ನಡೀತು. ಅದು ಅವನ ನೆನಪಲ್ಲಿ ಇರ್ಲೇ ಇಲ್ಲ... ನನ್ನ ಬಾಯಲ್ಲಿತ್ತು."

"ಮತ್ತೆ... ಅವತ್ತು?"

"ಅವತ್ತು ನಾವಿಬ್ಬರೂ ಮಾತು ಬಿಟ್ಟಿದ್ವಿ."

ಟ್ರ್ಯಾಕಿನ ಇನ್ನೊಂದು ಸಾಲಿನಲ್ಲಿ ಯಾವುದೋ ಗಾಡಿ ಅಬ್ಬರಿಸಿ ಹೋಯಿತು. ಅದು ಹೋದ ದಿಕ್ಕನ್ನೇ ನೋಡುತ್ತಾ ಅವನು ಹೇಳಿದ.

"ಅವನ ಕೈ ಲಿವರ್ ಕಡೆ ಹೋಗ್ಲಿಲ್ಲ. ನೋಡ್ದೆ. ಅವನೇ ಮೊದಲು ಮಾತಾಡ್ಸಲಿ ಅಂತ... ಒಂದೇ ಒಂದು ಉಸಿರು ಕಾದೆ. ಅಷ್ಟರಲ್ಲಿ ಹಸಿರು ದೀಪ ಬಿತ್ತು."

"ಯಾಕೆ? ಪ್ರಾಣಸ್ನೇಹಿತರು ಮಾತು ಬಿಡುವಂಥದ್ದು ಏನಾಗಿತ್ತು?"

ಅವನು ಕೀಲಿಯನ್ನು ಬೆರಳಲ್ಲಿ ತಿರುಗಿಸಿದ.

"ಹೇಳ್ರೀ! ಇನ್ನೂ ಮಾತು ನುಂಗ್ತೀರಾ?"

"ನಿಮ್ಮನ್ನ ಮದುವೆ ಆಗ್ತೀನಿ ಅಂತ ಕೇಳಿದ್ದೆ," ಎಂದ ಅವನು ನೆಲ ನೋಡುತ್ತಾ. "'ಉಂಡ ಮನೆಯ ಜಂತೆ ಎಣಿಸ್ತೀಯಾ' ಅಂದ. ನನಗೂ ಕೋಪ ಬಂತು."

ಅವಳ ಕೈ ತಾನಾಗಿ ಎದ್ದು ಅವನ ಕೆನ್ನೆಗೆ ಬಿತ್ತು. ಅವನು ಕದಲಲಿಲ್ಲ. ಎರಡನೇ ಏಟಿಗೆ ಎತ್ತಿದ ಕೈ ಗಾಳಿಯಲ್ಲೇ ನಿಂತು, ಹಾಗೇ ಕಿಟಕಿಯ ಅಂಚಿಗೆ ಕುಸಿಯಿತು.

ಅಣ್ಣ ಮರೆತಿರಲಿಲ್ಲ... ಅಣ್ಣ ಆ 'ನಾಲ್ಕು' ಕೇಳಲೆಂದು ಕಾಯುತ್ತಿದ್ದ!

ಅವಳು ಬಹಳ ಹೊತ್ತು ಅತ್ತಳು. ಅವನು ಕಿಟಕಿಯ ಪಕ್ಕದಲ್ಲೇ ನಿಂತಿದ್ದ.

ಕೊನೆಗೆ ಅವಳು ಕೈ ಚಾಚಿದಳು. "ಕೀಲಿ."

"ಬೇಡ..."

"ಮೂರು ಸಲವೂ ನನ್ನ ಕಣ್ಣು ಲಿವರ್ ಮೇಲೇ ಇತ್ತು. ರಸ್ತೇನೇ ನೋಡಿಲ್ಲ. ಅಣ್ಣ ಅಷ್ಟು ಇಷ್ಟಪಡ್ತಿದ್ದದ್ದು ಏನನ್ನ ಅಂತ ಒಂದ್ಸಲ ನೋಡ್ಬೇಕು."

ಅವನು ಕೀಲಿ ಅವಳ ಅಂಗೈಯಲ್ಲಿಟ್ಟ. "ಟರ್ಬೊ ಒತ್ತಡದ ಮುಳ್ಳು ಇಪ್ಪತ್ತು ದಾಟಿಸ್ಬೇಡಿ."

ಅವಳು ಮತ್ತೆ ಹೆಲ್ಮೆಟ್ ಹಾಕಿಕೊಂಡಳು. ಗೆರೆಯ ಮುಂದೆ ಟ್ರಕ್ಕು ನಿಂತಿತು. ಅವಳು ಲಿವರ್ ಎಳೆದಳು, ಕಟಕ್ಕೆಂದು ಕಚ್ಚಿಕೊಂಡಿತು. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರಿನ ಮೇಲೆ. ಒಂದು ಕಾಲು ಹೋಗು ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ. ನಡುವೆ ಸಿಕ್ಕ ಟ್ರಕ್ಕು ಮೂಗು ತಗ್ಗಿಸಿ ನಡುಗಿತು. ಟರ್ಬೊದ ಸಿಳ್ಳು ಏರಿತು. ಹತ್ತು... ಹದಿನೈದು... ಇಪ್ಪತ್ತು...

ಹಳದಿ ದೀಪ. ಹಳದಿ. ಹಳದಿ. ಹಸಿರು.

ಎಡಗಾಲು ಬಿಟ್ಟಳು!

ನಾಲ್ಕೂ ಗಾಲಿ ಒಟ್ಟಿಗೇ ನೆಲ ಕಚ್ಚಿದವು. ಬೆನ್ನು ಸೀಟಿಗೆ ಅಂಟಿತು, ಉಸಿರು ಎಲ್ಲೋ ಹಿಂದೆ ಉಳಿಯಿತು. ಅಷ್ಟು ಭಾರದ ಕಬ್ಬಿಣ ಗೆರೆ ಎಳೆದ ಹಾಗೆ ನೇರ ಓಡಿತು. ಬಲಗಡೆ ಅಣ್ಣನನ್ನು ನುಂಗಿದ ಗೋಡೆ ಬಂತು... ಹೋಯಿತು. ಅವಳು ಕಿರುಚುತ್ತಿದ್ದಳು. ಅದು ಅಳುವೋ, ಖುಷಿಯೋ ಅವಳಿಗೇ ತಿಳಿಯಲಿಲ್ಲ.

ಟ್ರ್ಯಾಕಿನ ಕೊನೆಯಲ್ಲಿ ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು, ಸ್ಟೇರಿಂಗಿಗೆ ಹಣೆ ಹಚ್ಚಿ ಕೂತಳು. ಬಿಸಿಲಲ್ಲಿ ಅಷ್ಟೂ ದೂರ ಬೇಲಿಯ ಪಕ್ಕದಲ್ಲೇ ಓಡಿಬಂದ ಅವನು ಏದುಸಿರು ಬಿಡುತ್ತಾ ಬಾಗಿಲು ಹಿಡಿದು ನಿಂತ.

"ಕ್ಷಮಿಸಿದೀನಿ ಅಂತ ಇವತ್ತು ಹೇಳಲಾರೆ," ಎಂದಳು ತಲೆಯೆತ್ತದೆ.

"ನಾನು ಕೇಳಿಲ್ಲ."

"ಅಂಗಡಿಗೆ ಮೂರನೇ ಸಲ ಯಾಕೆ ಬರ್ಲಿಲ್ಲ?"

"ನಿಮ್ಮಣ್ಣನ್ನ ಕೇಳಿ ಬರೋಣ ಅಂತಿದ್ದೆ."

ಅವಳು ತುಟಿ ಕಚ್ಚಿದಳು. "ನಾನು ಕಾದಿದ್ದೆ, ಮಾರಾಯ್ರೇ."

ಅವನ ಕಣ್ಣು ತುಂಬಿತು. ಅವಳು ಪಕ್ಕದ ಸೀಟಿನ ಮೇಲಿದ್ದ ಹೆಲ್ಮೆಟ್ ತೆಗೆದು ಜಾಗ ಮಾಡಿದಳು.

"ಹತ್ತಿ. ಅಪ್ಪನಿಗೆ ನೀವೇ ಹೇಳ್ಬೇಕು. ಎಲ್ಲಾನೂ. ನನ್ನನ್ನ ಕೇಳಿದ್ದ ವಿಷಯಾನೂ."

"ಹೇಳ್ತೀನಿ... ಹೊರಗೆ ತಳ್ಳಿದ್ರೆ?"

"ತಳ್ಳೇ ತಳ್ತಾರೆ. ಮೆಟ್ಟಿಲ ಮೇಲೆ ಕೂತಿರಿ. ನಾನೂ ಬಂದು ಕೂರ್ತೀನಿ."

"ಎಷ್ಟು ಹೊತ್ತು?"

"ಅಪ್ಪ ಬಾಗಿಲು ತೆಗೆಯೋವರೆಗೂ."