ಮೂರು ಬೇಸಿಗೆ ಖಾಲಿ ಇದ್ದ ಒಲೆ

"ಒಳಗೆ ಬರಬಹುದಾ, ಸಿಗ್ನೆ?"

ಬಾಗಿಲಲ್ಲಿ ಎಸ್ಕಿಲ್! ತೋಳಿನ ತುಂಬ ಬರ್ಚ್ ಮರದ ಹಸಿ ಕೊಂಬೆಗಳು.

ಮೂರು ವರ್ಷದ ಹಿಂದೆ ಹೇಳದೆ ಕೇಳದೆ ಊರು ಬಿಟ್ಟಿದ್ದವನು. ಸಿಗ್ನೆಗೆ ಕೋಪ ಬರಬೇಕಿತ್ತು, ಅಳು ಬರಬೇಕಿತ್ತು. ಏನೂ ಬರಲಿಲ್ಲ.

"ಬಾ. ಸ್ಟೌ ಮೇಲೆ ಆಲೂಗಡ್ಡೆ ಬೇಯ್ತಿದೆ," ಎಂದಳು.

ಅಂದು ನಡುಬೇಸಿಗೆಯ ಹಬ್ಬ. ಸಿಲ್ಯಾನ್ ಸರೋವರದ ದಂಡೆಯ ಆ ಊರಲ್ಲಿ, ಬೆಂಕಿ ಆರಿಸಿದ ಅಗ್ಗಿಷ್ಟಿಕೆ ಒಲೆಗಳಿಗೆಲ್ಲ ಹಸಿರು ಕೊಂಬೆ ತುಂಬಿಸಿ ಸಿಂಗರಿಸಿದ್ದರು. ಹುಡುಗಿ ಒಪ್ಪಿದವನೇ ಅವಳ ಮನೆಗೆ ಕೊಂಬೆ ತರಬೇಕು. ಅವನ ಕೊಂಬೆ ಒಲೆ ಸೇರಿತೆಂದರೆ ಮದುವೆ ಮಾತು ಮುಗಿದಂತೆಯೇ! ಸಿಗ್ನೆಯ ಒಲೆಯಲ್ಲಿ ಮಾತ್ರ ಬರೀ ಮಸಿ.

"ಈಗ ಫಾಲುನ್ ಪೇಟೇಲಿದ್ದೀನಿ, ಹಬ್ಬಕ್ಕೆ ಅಂತ ಅಣ್ಣನ ಮನೆಗೆ ಬಂದೆ. ಅಂಗಡೀಲಿ ನಿನ್ನ ಹುಲ್ದಾ ಚಿಕ್ಕಮ್ಮ ಸಿಕ್ಕಿದ್ರು. ಮೂರು ಬೇಸಿಗೆಯಿಂದ ನಿನ್ನ ಒಲೆ ಖಾಲಿ ಅಂದ್ರು. ನಿಜಾನಾ?"

"ಕಾಣ್ತಿದೆಯಲ್ಲ."

"ಮತ್ತೆ... ಅವನು?"

"ಯಾವನು?"

"ಅವತ್ತು ಕಿಟಕಿಯಿಂದ ನೋಡ್ದೆ ಸಿಗ್ನೆ. ನಾನು ಬರೋ ಮುಂಚೇನೇ ಒಲೆ ತುಂಬ ಕೊಂಬೆ ಇತ್ತು. ಬೇರೆ ಯಾರನ್ನೋ ಒಪ್ಪಿದ್ದೀಯ ಅಂತ... ನಾನು ತಂದಿದ್ದನ್ನ ಸರೋವರಕ್ಕೆ ಎಸೆದು ಬಸ್ ಹತ್ತಿಬಿಟ್ಟೆ."

ಸಿಗ್ನೆ ಸೌಟು ಕೆಳಗಿಟ್ಟಳು.

"ಅದನ್ನ ಕಡಿದು ತಂದೋಳು ನಾನೇ ಕಣೋ, ಪೆದ್ದ! ಬೆಳಗ್ಗೆ ಬರ್ತೀನಿ ಅಂದೋನು ಮಧ್ಯಾಹ್ನ ಆದ್ರೂ ಪತ್ತೆ ಇಲ್ಲ. ನೆಂಟರು ಬರೋ ಹೊತ್ತಿಗೆ ಒಲೆ ಹೀಗೆ ಕಪ್ಪಗಿದ್ರೆ ಜನ ಏನಂತಾರೆ ಅಂತ ಅಮ್ಮ ತಲೆ ತಿಂದ್ಲು."

"ಟ್ರ್ಯಾಕ್ಟರ್ ಕೆಟ್ಟಿತ್ತು... ಕೊಂಬೆ ಹೊತ್ಕೊಂಡು ನಡ್ಕೊಂಡೇ ಬಂದಿದ್ದೆ."

"ಒಂದು ಮಾತು ಕೇಳಬಾರದಿತ್ತಾ?"

"ಭಯ ಆಯ್ತು. ಕೇಳಿದ್ರೆ ನೀನು ಯಾರದ್ದಾದ್ರೂ ಹೆಸರು ಹೇಳಿಬಿಟ್ರೆ?"

ಇಷ್ಟೇನಾ? ಇಷ್ಟಕ್ಕೆ ಮೂರು ವರ್ಷವಾ! ಆ ನಡುವೆ ಅಮ್ಮನೂ ತೀರಿಹೋಗಿದ್ದಳು. ಅಂದಿನಿಂದ ಸಿಗ್ನೆ ಉಂಡಿದ್ದಳು, ಮಲಗಿದ್ದಳು, ಕೆಲಸಕ್ಕೆ ಹೋಗಿದ್ದಳು. ಬದುಕಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿರಲಿಲ್ಲ.

"ಇದನ್ನ ಒಲೇಲಿ ಇಡ್ಲಾ?" ಎಸ್ಕಿಲ್ ಕೊಂಬೆಗಳನ್ನು ಮುಂದೆ ಹಿಡಿದ. "ಬೇಡ ಅಂದ್ರೆ ಈಗ್ಲೇ ಹೋಗ್ತೀನಿ. ಮತ್ತೆ ಬರಲ್ಲ."

"ನನಗೆ ಏನೂ ಅನ್ನಿಸ್ತಿಲ್ಲ ಎಸ್ಕಿಲ್. ಖುಷಿನೂ ಇಲ್ಲ, ಸಿಟ್ಟೂ ಇಲ್ಲ. ಸುಳ್ಳು ಹೇಳೋಕೆ ಬರಲ್ಲ ನಂಗೆ."

"ಅನ್ನಿಸೋವರೆಗೂ ಕಾಯ್ತೀನಿ."

ಇವನು ಈಗ ಹೊರಟುಹೋದರೆ... ಎಂದುಕೊಂಡಳು. ಎದೆಯಲ್ಲೆಲ್ಲೋ ಸಣ್ಣಗೆ ನೋವಾಯಿತು. ಅವಳಿಗೆ ನೋವಾಗಿ ಎಷ್ಟು ದಿನವಾಗಿತ್ತು!

 ತಾಮ್ರದ ಪಾತ್ರೆಗೆ ನೀರು ತುಂಬಿ ಒಲೆಯೊಳಗೆ ಇಟ್ಟಳು. ಎಸ್ಕಿಲ್ ಒಂದೊಂದೇ ಕೊಂಬೆ ಜೋಡಿಸಿದ.

"ದಿನಾ ನೀರು ಬದಲಾಯಿಸ್ಬೇಕು. ಇಲ್ಲಾಂದ್ರೆ ಎಲೆ ಬಾಡುತ್ತೆ," ಎಂದಳು.

"ನಾನೇ ಬಂದು ಬದಲಾಯಿಸ್ತೀನಿ."

"ಫಾಲುನ್‌ನಿಂದ? ದಿನಾನಾ?"

"ದಿನಾ! ಬಸ್ಸಲ್ಲಿ ಬರ್ತೀನಿ, ಬಸ್ ಇಲ್ದಿದ್ರೆ ಸೈಕಲ್ಲಲ್ಲಿ..."

"ಬೇಡ," ಎಂದಳು ಸಿಗ್ನೆ. ಅವಳ ಕಣ್ಣು ತುಂಬಿ ಬಂದಿತ್ತು. "ಇಲ್ಲೇ ಇರು."